ಹಿಡ್ಕೊಳ್ಳೋದು ಒಂದು ಗಳಿಗೆ, ಬಿಡಿಸ್ಕೊಳ್ಳೋದು ಒಂದು ವರ್ಷ

ಮಾರ್ಚ್ ತಿಂಗಳು. ರಾಗಿ ಮನೆ ಸೇರಿ ಆಗಿದೆ, ಹುಲ್ಲು ಬಣವೆಯಾಗಿದೆ. ತೆಂಗಿನ ಬುಡಕ್ಕೆ ನೀರು ಬಿಡೋದು, ಒಣಗಿದ ಗರಿ ಎಳೆದು ಹಾಕೋದು ಬಿಟ್ಟರೆ ತೋಟದಲ್ಲಿ ಈಗ ದೊಡ್ಡ ಕೆಲಸ ಇಲ್ಲ. ಅದಕ್ಕೆ ಈ ವಾರ ಬೆಳೆ ವಿಷಯ ಬಿಟ್ಟು ಬ್ಯಾಂಕಿನ ವಿಷಯ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ. ನಿಮ್ಮ ಮನೆಯಲ್ಲೂ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ರೈತರಿಗೆ ಇನ್‌ಕಂ ಟ್ಯಾಕ್ಸೇ ಇಲ್ಲವಲ್ಲ, ನಿನಗ್ಯಾಕಪ್ಪಾ ಅದರ ಉಸಾಬರಿ ಅಂತ ಕೇಳೋರಿದ್ದಾರೆ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ ಅನ್ನೋದು ನಿಜ. 1961ರ ಆದಾಯ ತೆರಿಗೆ ಕಾಯ್ದೆಯ 10(1)ನೇ ಸೆಕ್ಷನ್ ಅದನ್ನೇ ಹೇಳುತ್ತೆ. ಆದರೆ ನಮ್ಮಂಥವರ ಮನೆಗೆ ತೆರಿಗೆ ಮುಂಬಾಗಿಲಿಂದ ಬರೋದಿಲ್ಲ, ಬ್ಯಾಂಕಿನ ಹಿತ್ತಿಲ ಬಾಗಿಲಿಂದ ಬರುತ್ತೆ. ಅದರ ಹೆಸರು ಟಿಡಿಎಸ್. ದುಡ್ಡು ನಿಮ್ಮ ಕೈಗೆ ಬರೋಕೆ ಮೊದಲೇ ಕೊಡುವವನು ಒಂದು ಪಾಲು ಹಿಡಿದು ಸರ್ಕಾರಕ್ಕೆ ಕಟ್ಟೋದು. ನಿಮಗೆ ತೆರಿಗೆ ಬೀಳುತ್ತೋ ಇಲ್ಲವೋ ಅದು ಆಮೇಲಿನ ಮಾತು. ಮೊದಲು ಹಿಡಿ, ಆಮೇಲೆ ನೋಡೋಣ.

ನನ್ನ ತಕರಾರು ತೆರಿಗೆ ಮೇಲಲ್ಲ. ತೆರಿಗೆ ಬೀಳೋ ಆದಾಯ ಇದ್ದವರು ಕಟ್ಟಲೇಬೇಕು. ತೆರಿಗೆ ಬೀಳದೇ ಇರೋರ ದುಡ್ಡನ್ನು ಹಿಡಿದಿಟ್ಟುಕೊಂಡು, ಬೇಕಾದರೆ ಬಂದು ಬಿಡಿಸಿಕೊಂಡು ಹೋಗು ಅನ್ನೋದು ನ್ಯಾಯವಾ, ಅದು ನನ್ನ ಪ್ರಶ್ನೆ.

ನಮ್ಮ ಅತ್ತಿಗೆಯ ಲೆಕ್ಕವನ್ನೇ ಹೇಳ್ತೀನಿ, ಅವರು ಬರೀ ಅಂತ ಒಪ್ಪಿದ್ದಾರೆ. ಅವರಿಗೆ 57 ವರ್ಷ. ಅಣ್ಣ ತೀರಿಕೊಂಡ ಮೇಲೆ ಪೌತಿ ಖಾತೆ ಆಗಿ ಜಮೀನು ಅವರ ಹೆಸರಿಗೆ ಬಂತು. ರಸ್ತೆ ಅಗಲ ಮಾಡೋಕೆ ಅದರಲ್ಲಿ 18 ಗುಂಟೆ ಹೋಯ್ತು. ಪರಿಹಾರ ಅಂತ 9 ಲಕ್ಷ ಬಂತು. ಸಾಗುವಳಿ ಜಮೀನು ಆದ್ದರಿಂದ ಪರಿಹಾರದ ಮೇಲೆ ಏನೂ ಹಿಡಿಯಲಿಲ್ಲ, ಕಾನೂನೇ ಹಾಗಿದೆ. ಆ ದುಡ್ಡನ್ನು ತಾಲ್ಲೂಕಿನ ಒಂದು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರು. ನೂರಕ್ಕೆ ಏಳರಂತೆ ವರ್ಷಕ್ಕೆ 63,000 ಬಡ್ಡಿ. ಹೋದ ಹದಿನೆಂಟು ಗುಂಟೆಯ ಬದಲಿಗೆ ಅವರಿಗಿರೋ ಬೆಳೆ ಅಂದರೆ ಆ ಬಡ್ಡಿ.

ಅಲ್ಲಿಂದ ಶುರುವಾಯ್ತು. 2024-25ರಲ್ಲಿ ಬ್ಯಾಂಕ್ ಬಡ್ಡಿ ವರ್ಷಕ್ಕೆ 40,000 ದಾಟಿದರೆ ನೂರಕ್ಕೆ ಹತ್ತು ಹಿಡೀಬೇಕು ಅಂತ ಇತ್ತು. ಈಗ 2025ರ ಏಪ್ರಿಲ್‌ನಿಂದ ಅದು 50,000 ಆಗಿದೆ, ಅರವತ್ತು ತುಂಬಿದವರಿಗೆ 1 ಲಕ್ಷ. ಅತ್ತಿಗೆಗೆ ಹತ್ತರ ಲೆಕ್ಕದಲ್ಲಿ 6,300 ಹಿಡೀಬೇಕಿತ್ತು. ಹಿಡಿದದ್ದು 12,600. ಕೇಳಿದರೆ ಬ್ಯಾಂಕಿನ ಹುಡುಗ, "ಅಮ್ಮಾ, ನಿಮ್ಮ ಪ್ಯಾನು ಸತ್ತೋಗಿದೆ" ಅಂದ.

ಪ್ಯಾನು ಸಾಯೋದು ಅಂದರೆ ಏನು? ಆಧಾರ್ ಜೊತೆ ಜೋಡಣೆ ಆಗದ ಪ್ಯಾನ್‌ಗಳೆಲ್ಲ 2023ರ ಜುಲೈ 1ರಿಂದ ನಿಷ್ಕ್ರಿಯ. ಅಂಥ ಪ್ಯಾನ್ ಕೊಟ್ಟರೆ ಪ್ಯಾನೇ ಕೊಟ್ಟಿಲ್ಲ ಅಂತ ಲೆಕ್ಕ, ಆಗ ಹತ್ತರ ಬದಲು ಇಪ್ಪತ್ತು. ನನಗೆ ತೆರಿಗೆ ಬೀಳಲ್ಲ, ಹಿಡೀಬೇಡಿ ಅಂತ ಬರೆದುಕೊಡೋ 15ಜಿ ಫಾರಂ ಕೊಟ್ಟಿದ್ದರೂ ಅದು ಲೆಕ್ಕಕ್ಕಿಲ್ಲ. ಪ್ಯಾನು ಮತ್ತೆ ಜೀವ ಬರೋ ತನಕ ರೀಫಂಡೂ ಇಲ್ಲ, ಆ ಅವಧಿಗೆ ಬಡ್ಡಿಯೂ ಇಲ್ಲ. ಜೀವ ಬರಿಸೋಕೆ 1,000 ರೂಪಾಯಿ ಕಟ್ಟಬೇಕು.

ಅತ್ತಿಗೆಯ ಪ್ಯಾನು ಯಾಕೆ ಜೋಡಣೆ ಆಗಿರಲಿಲ್ಲ ಅಂದರೆ ಹೆಸರಿನ ಗಲಾಟೆ. ಪಹಣಿಯಲ್ಲಿ ಒಂದು, ಆಧಾರಲ್ಲಿ ಒಂದು, ಪ್ಯಾನಲ್ಲಿ ಒಂದು. ಒಂದರಲ್ಲಿ ಹೆಸರಿನ ಕೊನೆಗೆ ಅಮ್ಮ ಇದೆ, ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಗಂಡನ ಹೆಸರು ಹಿಂದೆ. ನಮ್ಮ ಕಡೆ ಹೆಣ್ಣುಮಕ್ಕಳ ಹೆಸರು ಹೀಗೇ. ತವರಲ್ಲಿ ಒಂದು ಇನಿಷಿಯಲ್, ಗಂಡನ ಮನೇಲಿ ಇನ್ನೊಂದು. ಊರಲ್ಲಿ ಯಾರಿಗೂ ಇದರಿಂದ ಅನುಮಾನ ಬರಲ್ಲ. ಕಂಪ್ಯೂಟರ್‌ಗೆ ಬರುತ್ತೆ.

ಈಗ ಖರ್ಚಿನ ಲೆಕ್ಕ ನೋಡಿ. ಪ್ಯಾನ್ ತಿದ್ದುಪಡಿಗೆ ಸೈಬರ್‌ನವರು ತಗೊಂಡದ್ದು 400. ಜೋಡಣೆ ದಂಡ 1,000. ರಿಟರ್ನ್ ಹಾಕಿದ್ದಕ್ಕೆ 1,500. ತಾಲ್ಲೂಕಿಗೆ ಆರು ಸಲ ಓಡಾಟ. ಅತ್ತಿಗೆಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ, ನನ್ನ ಟಿಕೆಟ್ ಹೋಗಿ ಬರೋಕೆ 70ರಂತೆ 420. ಒಟ್ಟು ಕೈಯಿಂದ ಹೋದದ್ದು 3,320. ನನ್ನ ಆರು ದಿನ ಹೋಯ್ತಲ್ಲ, ಗಂಡಾಳಿನ ಕೂಲಿ 600ರಂತೆ ಹಾಕಿದರೆ 3,600. ಎರಡೂ ಸೇರಿ 6,920. ಹಿಡಿದಿದ್ದ 12,600 ವಾಪಸ್ ಬಂತು, ಡಿಸೆಂಬರ್‌ನಲ್ಲಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೋ ದಾರೀಲೇ ಹೋಗಿತ್ತು. ಅವರ ಮೇಲೆ ಬೀಳೋ ತೆರಿಗೆ ಎಷ್ಟು ಅಂತೀರಾ? ಸೊನ್ನೆ. 63,000 ಬಡ್ಡಿ ತೆರಿಗೆ ಮಿತಿಯ ಹತ್ತಿರಕ್ಕೂ ಬರಲ್ಲ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಗಾದೆ ಇದೆ. ಇಲ್ಲಿ ಅತ್ತಿಗೆ ಕೊಡಲೂ ಇಲ್ಲ, ಕೊಡ್ತೀನಿ ಅನ್ನಲೂ ಇಲ್ಲ. ಆದರೂ ಕೋಡಂಗಿ ಆದರು.

ಇದರಲ್ಲಿ ಬ್ಯಾಂಕಿನ ಹುಡುಗನನ್ನು ಬೈದು ಪ್ರಯೋಜನ ಇಲ್ಲ. ಕಾನೂನು ಅವನನ್ನು ಹೇಗೆ ನಿಲ್ಲಿಸಿದೆ ಅಂತ ನೋಡಿ. ಹಿಡೀಬೇಕಾದ ಟಿಡಿಎಸ್ ಹಿಡಿಯದೆ ಬಿಟ್ಟರೆ ಬ್ಯಾಂಕು ಬಡ್ಡಿ ಕಟ್ಟಬೇಕು. ಹಿಡಿದು ಸರ್ಕಾರಕ್ಕೆ ತಡವಾಗಿ ಕಟ್ಟಿದರೆ ತಿಂಗಳಿಗೆ ನೂರಕ್ಕೆ ಒಂದೂವರೆ. ಮೂರು ತಿಂಗಳಿಗೊಮ್ಮೆ ಹಾಕೋ ಲೆಕ್ಕ ತಡವಾದರೆ ದಿನಕ್ಕೆ 200. ಆದರೆ ತೆರಿಗೆ ಬೀಳದ ಮುದುಕಿಯ ದುಡ್ಡು ಸುಮ್ಮನೆ ಹಿಡಿದರೆ? ಕೊಟ್ಟ 15ಜಿ ಫಾರಂ ಮೇಜಿನ ಡ್ರಾಯರ್‌ನಲ್ಲೇ ಉಳಿದುಹೋದರೆ? ಅದಕ್ಕೆ ಬ್ಯಾಂಕು ಬಡ್ಡಿ ಕಟ್ಟಬೇಕಿಲ್ಲ. ಹಿಡಿಯದಿದ್ದರೆ ಭಯ, ಹಿಡಿದರೆ ನೆಮ್ಮದಿ. ನೀವೇ ಆ ಕುರ್ಚಿಯಲ್ಲಿ ಕೂತಿದ್ದರೆ ಏನು ಮಾಡ್ತಿದ್ರಿ? ಹಿಡೀತಿದ್ರಿ. ಇಡೀ ರೋಗದ ಬೇರು ಇದು.

ಬಡ್ಡಿಯ ದರದಲ್ಲೂ ಇದೇ ಪಕ್ಷಪಾತ. ನಾವು ಸರ್ಕಾರಕ್ಕೆ ಕೊಡಬೇಕಾದ ತೆರಿಗೆ ತಡವಾದರೆ ತಿಂಗಳಿಗೆ ನೂರಕ್ಕೆ ಒಂದು. ಸರ್ಕಾರ ನಮಗೆ ಕೊಡಬೇಕಾದ್ದು ತಡವಾದರೆ ತಿಂಗಳಿಗೆ ನೂರಕ್ಕೆ ಅರ್ಧ. ಅತ್ತಿಗೆಯ 12,600ಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ 63 ರೂಪಾಯಿ. ಅದೂ ರಿಟರ್ನ್ ಹೊತ್ತಿಗೆ ಸರಿಯಾಗಿ ಹಾಕಿದ್ದರೆ ಏಪ್ರಿಲ್‌ನಿಂದ ಲೆಕ್ಕ, ತಡವಾದರೆ ಹಾಕಿದ ದಿನದಿಂದ. ನಮ್ಮೂರ ಸೊಸೈಟಿಯಲ್ಲಿ ಸಾಲ ತಗೊಂಡವನಿಗೆ ಒಂದು ದರ, ಕೊಟ್ಟವನಿಗೆ ಅರ್ಧ ದರ ಅಂದರೆ ಸರ್ವಸದಸ್ಯರ ಸಭೆಯಲ್ಲಿ ಕುರ್ಚಿ ಹಾರಾಡ್ತಿದ್ವು.

ರಿಟರ್ನ್ ಫಾರಂ ವಿಷಯಕ್ಕೆ ಬರೋಣ. ರೀಫಂಡ್ ಬೇಕು ಅಂದರೆ ರಿಟರ್ನ್ ಹಾಕಲೇಬೇಕು, ಬೇರೆ ದಾರಿ ಇಲ್ಲ. ಸಂಬಳದವರು, ಪಿಂಚಣಿಯವರು, ಸಣ್ಣ ಬಡ್ಡಿಯವರು ಹಾಕೋ ಸುಲಭದ ಫಾರಂ ಒಂದಿದೆ, ಐಟಿಆರ್-1. ಹೆಸರೇ ಸಹಜ್. ಆದರೆ ಕೃಷಿ ಆದಾಯ ವರ್ಷಕ್ಕೆ 5,000 ದಾಟಿದರೆ ಆ ಸಹಜ್ ನಿಮಗಿಲ್ಲ. ಐಟಿಆರ್-2ಕ್ಕೆ ಹೋಗಬೇಕು, ಅದು ಉದ್ದ, ಕಷ್ಟ. ಐದು ಸಾವಿರ ಅಂದರೆ ಎಷ್ಟು? 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ಇತ್ತು. ಒಂದೇ ಒಂದು ಕ್ವಿಂಟಲ್ ಮಾರಿ, ಅರ್ಧ ಖರ್ಚಿಗೆ ಕಳೆದರೂ ಆ ಗೆರೆ ದಾಟಿಬಿಡ್ತೀರಿ. ಅಂದರೆ ಐವತ್ತು ಲಕ್ಷದವರೆಗೆ ಆದಾಯ ಇರೋ ಸಂಬಳದಾರನಿಗೆ ಸಹಜ್, ಹತ್ತು ತೆಂಗಿನ ಮರ ಇರೋ ವಿಧವೆಗೆ ಕಷ್ಟದ ಫಾರಂ.

ಇದರ ಪರಿಣಾಮ ಏನು ಗೊತ್ತಾ? ಸೈಬರ್‌ನಲ್ಲಿ ಎರಡು ರೇಟು. "ಹೊಲದ್ದು ತೋರಿಸೋದು ಬೇಡ ಬಿಡಣ್ಣಾ, ಐನೂರಕ್ಕೆ ಒಂದೇ ದಿನದಲ್ಲಿ ಹಾಕ್ಕೊಡ್ತೀನಿ. ತೋರಿಸಬೇಕು ಅಂದರೆ ಆಡಿಟರ್ ಹತ್ತಿರ ಹೋಗಬೇಕು" ಅಂತಾರೆ. ಸತ್ಯ ಹೇಳೋದಕ್ಕೆ ದುಬಾರಿ ರೇಟು, ಮುಚ್ಚಿಡೋದಕ್ಕೆ ಕಡಿಮೆ ರೇಟು. ತೆರಿಗೆಯೇ ಇಲ್ಲದ ಆದಾಯವನ್ನು ಜನ ಮುಚ್ಚಿಡೋ ಹಾಗೆ ಮಾಡಿದ ಫಾರಂ ಎಂಥ ಫಾರಂ? ಸಹಿ ಮಾತ್ರ ಅತ್ತಿಗೆಯದ್ದು. ನಾಳೆ ನೋಟಿಸ್ ಬಂದರೆ ಸೈಬರ್ ಹುಡುಗ ಉತ್ತರ ಕೊಡಲ್ಲ. ಅದಕ್ಕೇ ನಾವು ಆಡಿಟರ್ ಹತ್ತಿರವೇ ಹೋದದ್ದು, 1,500 ಆದದ್ದು ಹಾಗೆ.

ಇದೆಲ್ಲಕ್ಕಿಂತ ದೊಡ್ಡದು ಭಯ. ನಮ್ಮೂರಲ್ಲಿ ಟಿಡಿಎಸ್ ಹಿಡಿಸಿಕೊಂಡ ಹೆಂಗಸರು ಇನ್ನೂ ಮೂರು ಜನ ಇದ್ದಾರೆ. ಅವರ್ಯಾರೂ ರಿಟರ್ನ್ ಹಾಕಿಲ್ಲ. ನಾಲ್ಕೈದು ಸಾವಿರ ಹೋದರೆ ಹೋಗಲಿ ಅಂತ ಬಿಟ್ಟಿದ್ದಾರೆ. ಕಾರಣ ಒಂದೇ, ಗೃಹಲಕ್ಷ್ಮಿ. ತಾನು ಅಥವಾ ಗಂಡ ಆದಾಯ ತೆರಿಗೆ ಕಟ್ಟೋರಾದರೆ ಆ 2,000 ಇಲ್ಲ ಅನ್ನೋದು ನಿಯಮ. ಬಿಪಿಎಲ್ ಕಾರ್ಡಿಗೂ ಅದೇ ಮಾತು. 2024ರ ನವೆಂಬರ್‌ನಲ್ಲಿ ಕಾರ್ಡು ರದ್ದಾದ ಗದ್ದಲ ನೆನಪಿರಬೇಕು, ಆಮೇಲೆ ವಾಪಸ್ ಕೊಟ್ಟಾಗಲೂ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟೋರು ಬಿಟ್ಟು ಅಂದರು. ಪಿಎಂ ಕಿಸಾನ್‌ನಲ್ಲೂ ತೆರಿಗೆ ಕಟ್ಟಿದವರಿಗೆ ಇಲ್ಲ.

ತೆರಿಗೆ ಕಟ್ಟೋರು ಬೇರೆ, ಬೀಳದ ತೆರಿಗೆಯನ್ನು ವಾಪಸ್ ಕೇಳೋರು ಬೇರೆ. ಇದು ನನಗೆ ಗೊತ್ತು, ನಿಮಗೆ ಗೊತ್ತು. ಆದರೆ ಪಟ್ಟಿ ತಯಾರು ಮಾಡೋ ಕಂಪ್ಯೂಟರ್‌ಗೆ ಗೊತ್ತಿದೆಯಾ ಅನ್ನೋದೇ ಆ ಹೆಂಗಸರ ಪ್ರಶ್ನೆ. ಅತ್ತಿಗೆಯೂ ಅದನ್ನೇ ಕೇಳಿದರು, "ಹನ್ನೆರಡು ಸಾವಿರ ತರೋಕೆ ಹೋಗಿ ವರ್ಷದ ಇಪ್ಪತ್ನಾಲ್ಕು ಸಾವಿರ ಕಳ್ಕೊಂಡ್ರೆ ನೀನು ಕೊಡ್ತೀಯಾ ಮೈದುನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಅವರೇ ಧೈರ್ಯ ಮಾಡಿದರು. ಇದುವರೆಗೆ ಅವರಿಗೆ ಏನೂ ನಿಂತಿಲ್ಲ. ಆದರೆ ತನ್ನ ದುಡ್ಡು ತಾನು ಕೇಳೋಕೆ ಒಬ್ಬ ಹೆಣ್ಣುಮಗಳು ಇಷ್ಟು ಧೈರ್ಯ ತಂದುಕೊಳ್ಳಬೇಕಾ? ತೆರಿಗೆ ಸೊನ್ನೆ ಇರೋ ರಿಟರ್ನ್ ಹಾಕಿದವರನ್ನು ತೆರಿಗೆದಾರರು ಅಂತ ಎಣಿಸಲ್ಲ ಅಂತ ಸರ್ಕಾರ ಒಂದು ಸಾಲಿನ ಪ್ರಕಟಣೆಯನ್ನು ಪ್ರತಿ ಪಂಚಾಯ್ತಿ ಬೋರ್ಡಿಗೆ ಅಂಟಿಸಿದರೆ ಈ ಭಯ ಅರ್ಧ ಹೋಗುತ್ತೆ.

ಇದು ಬರೀ ಎಫ್‌ಡಿಯ ಕಥೆಯಲ್ಲ. ನಮ್ಮ ಕಡೆ ರಸ್ತೆಗೆ ಗುಂಟೆ ಲೆಕ್ಕದಲ್ಲಿ ಹೋದರೆ ಬಾಗಲಕೋಟೆ, ವಿಜಯಪುರದ ಕಡೆ ಕೃಷ್ಣಾ ಮೇಲ್ದಂಡೆ ಯೋಜನೆಗೆ ಊರೂರೇ ಹೋಗಿವೆ. ಕೊಟ್ಟ ಪರಿಹಾರ ಸಾಲದು ಅಂತ ಕೋರ್ಟಿಗೆ ಹೋದವರು ವರ್ಷಗಟ್ಟಲೆ ಅಲೆದಿದ್ದಾರೆ. ಕೊನೆಗೆ ಹೆಚ್ಚುವರಿ ಪರಿಹಾರ ಬಂದಾಗ ಜೊತೆಗೆ ಬಡ್ಡಿ ಬರುತ್ತೆ. ಆ ಬಡ್ಡಿ ಪರಿಹಾರದ್ದೇ ಭಾಗ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಘನಶ್ಯಾಮ್ ಎಂಬ ಕೇಸಿನಲ್ಲಿ ಹೇಳಿತ್ತು. ಅದೇ ವರ್ಷ ಕಾಯ್ದೆ ತಿದ್ದುಪಡಿ ಮಾಡಿದರು: ಬಡ್ಡಿ ಯಾವ ವರ್ಷ ಕೈಗೆ ಬಂತೋ ಆ ವರ್ಷದ ಆದಾಯ ಅಂತ ಲೆಕ್ಕ, ಅದರಲ್ಲಿ ಅರ್ಧ ಬಿಟ್ಟು ಉಳಿದರ್ಧಕ್ಕೆ ತೆರಿಗೆ.

ಅರ್ಧ ಬಿಟ್ಟಿದ್ದಾರಲ್ಲ ಅಂತೀರಾ? ಬಿಟ್ಟಿದ್ದು ರಿಟರ್ನ್‌ನಲ್ಲಿ. ಟಿಡಿಎಸ್ ಹಿಡಿಯೋದು ಪೂರ್ತಿ ಬಡ್ಡಿ ಮೇಲೆ. ಒಬ್ಬ ರೈತನಿಗೆ ಈ ವರ್ಷ 8 ಲಕ್ಷ ಬಡ್ಡಿ ಬಂತು ಅಂತಿಟ್ಟುಕೊಳ್ಳಿ. ನೂರಕ್ಕೆ ಹತ್ತರಂತೆ 80,000 ಹಿಡಿದರು. ಲೆಕ್ಕಕ್ಕೆ ಬರೋ ಆದಾಯ ಅರ್ಧ, ಅಂದರೆ 4 ಲಕ್ಷ. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಬೇರೆ ಆದಾಯ ಇಲ್ಲದಿದ್ದರೆ ಅವನ ತೆರಿಗೆ ಸೊನ್ನೆ, ಹಿಡಿದದ್ದು ಎಂಬತ್ತು ಸಾವಿರ. ಬಡ್ಡಿ ಯಾಕೆ ಬಂತು? ಸರ್ಕಾರ ಸರಿಯಾದ ಪರಿಹಾರವನ್ನು ಹೊತ್ತಿಗೆ ಕೊಡಲಿಲ್ಲ ಅಂತ ಬಂತು. ತಡ ಮಾಡಿದವರು ಅವರು, ತಡದ ಮೇಲೆ ತೆರಿಗೆ ಹಿಡಿಯೋರೂ ಅವರು.

ಇದನ್ನು ಸರಿ ಮಾಡೋಕೆ ಆಗಲ್ಲ ಅನ್ನಬೇಡಿ. ಮೊನ್ನೆ ಫೆಬ್ರವರಿ 1ರ ಬಜೆಟ್‌ನಲ್ಲಿ ವಾಹನ ಅಪಘಾತ ಪರಿಹಾರದ ಬಡ್ಡಿಗೆ ತೆರಿಗೆ ಇಲ್ಲ, ಟಿಡಿಎಸ್ಸೂ ಇಲ್ಲ ಅಂತ ಹಣಕಾಸು ಸಚಿವರು ಹೇಳಿದರು. ಒಳ್ಳೇ ಕೆಲಸ. ಕೈಕಾಲು ಕಳೆದುಕೊಂಡವರಿಗೆ ಕೊಟ್ಟ ನ್ಯಾಯವನ್ನು ನೆಲ ಕಳೆದುಕೊಂಡವರಿಗೂ ಕೊಡಬಹುದಲ್ಲ.

ಕಳೆದ ವರ್ಷ ಇನ್ನೊಂದು ನಡೆಯಿತು. 2025ರ ಫೆಬ್ರವರಿಯಲ್ಲಿ ಮಂಡಿಸಿದ ಹೊಸ ಆದಾಯ ತೆರಿಗೆ ಮಸೂದೆಯಲ್ಲಿ, ಕೊನೇ ದಿನಾಂಕದೊಳಗೆ ರಿಟರ್ನ್ ಹಾಕದವರಿಗೆ ರೀಫಂಡ್ ಇಲ್ಲ ಅನ್ನೋ ಹಾಗೆ ಒಂದು ಷರತ್ತು ಸೇರಿತ್ತು. ಅದು ಹಾಗೇ ಪಾಸಾಗಿದ್ದರೆ ಒಂದು ದಿನ ತಡವಾದರೂ ದುಡ್ಡು ಗೋವಿಂದ. ಸಂಸತ್ತಿನ ಆಯ್ಕೆ ಸಮಿತಿ ಅದನ್ನು ತೆಗೀರಿ ಅಂತು, ಆಗಸ್ಟ್‌ನಲ್ಲಿ ಬಂದ ತಿದ್ದಿದ ಮಸೂದೆಯಲ್ಲಿ ತೆಗೆದರು. ಕೂಗಿದರೆ ಕೇಳಿಸುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ನಾವು ಕೂಗೋದಿಲ್ಲ, ಅಷ್ಟೇ.

ಇನ್ನು ನನಗೆ ಎದುರು ಹೇಳೋರ ಮಾತು. ಪೇಟೆಯಲ್ಲಿ ಸಂಬಳದಲ್ಲಿರೋ ನನ್ನ ಚಿಕ್ಕಪ್ಪನ ಮಗ ಹೇಳ್ತಾನೆ, "ನಿಮಗೆ ಬೆಳೆಗೆ ತೆರಿಗೆ ಇಲ್ಲ, ಒಂದಷ್ಟು ಟಿಡಿಎಸ್ ಹಿಡಿದರೆ ಇಷ್ಟು ಗೋಳಾ? ದೊಡ್ಡ ದೊಡ್ಡೋರು ಕಪ್ಪು ಹಣವನ್ನು ಕೃಷಿ ಆದಾಯ ಅಂತ ತೋರಿಸ್ತಾರೆ, ಹಿಡಿಯದಿದ್ದರೆ ಗೊತ್ತಾಗೋದು ಹೇಗೆ?" ಅವನ ಮಾತಿನಲ್ಲಿ ಸುಳ್ಳಿಲ್ಲ. ದಾಖಲೆ ಸರಿಯಾಗಿ ನೋಡದೆ ಕೃಷಿ ಆದಾಯದ ವಿನಾಯ್ತಿ ಕೊಟ್ಟಿದ್ದಾರೆ ಅಂತ ಸಿಎಜಿ ವರದಿಯೇ 2019ರಲ್ಲಿ ಆಕ್ಷೇಪಿಸಿದೆ. ಟಿಡಿಎಸ್‌ನಿಂದ ದುಡ್ಡಿನ ಜಾಡು ಸಿಗುತ್ತೆ ಅನ್ನೋದೂ ಸರಿ. ಆದರೆ ಜಾಡು ಸಿಗೋಕೆ ದುಡ್ಡು ಹಿಡೀಬೇಕಿಲ್ಲ, ವರದಿ ಮಾಡಿದರೆ ಸಾಕು. ಬಡ್ಡಿ ಎಷ್ಟು ಕೊಟ್ಟೆವು ಅಂತ ಬ್ಯಾಂಕು ಹೇಗೂ ತಿಳಿಸುತ್ತೆ. ವಾರ್ಷಿಕ ಮಾಹಿತಿ ಪಟ್ಟಿ ಅಂತ ಎಐಎಸ್ ಬಂದಿದೆ, ಅದರಲ್ಲಿ ಅತ್ತಿಗೆಯ ಬಡ್ಡಿ ರೂಪಾಯಿ ಲೆಕ್ಕದಲ್ಲಿ ಕಾಣುತ್ತೆ. ಕೋಟಿಗಟ್ಟಲೆ ಕೃಷಿ ಆದಾಯ ತೋರಿಸೋ ಕುಳಗಳನ್ನು ಹುಡುಕಿ ಹಿಡೀರಿ, ನಾವೇ ಚಪ್ಪಾಳೆ ಹೊಡೀತೀವಿ. ಹಕ್ಕಿಗೆ ಹಾಕಿದ ಬಲೆಯಲ್ಲಿ ಮನೆ ಕೋಳಿ ಸಿಕ್ಕಿಕೊಂಡರೆ ಬಿಟ್ಟುಬಿಡಿ ಅಂತ ಅಷ್ಟೇ ನನ್ನ ಮಾತು.

ಇನ್ನು ನಾವು ತೆರಿಗೆಯನ್ನೇ ಕಟ್ಟಲ್ಲ ಅನ್ನೋದು ಶುದ್ಧ ಸುಳ್ಳು. ಗೊಬ್ಬರಕ್ಕೆ ಜಿಎಸ್‌ಟಿ 5, ರಾಸಾಯನಿಕ ಕೀಟನಾಶಕಕ್ಕೆ 18. ಅಂಗಡಿಯವನು ತಾನು ಕಟ್ಟಿದ ಜಿಎಸ್‌ಟಿಯನ್ನು ಮುಂದೆ ಕಳೆದುಕೊಳ್ತಾನೆ, ರೈತನಿಗೆ ಆ ದಾರಿ ಇಲ್ಲ. ನಮ್ಮಲ್ಲೇ ನಿಂತುಬಿಡುತ್ತೆ.

ನನಗೆ ಬೇಕಾದ್ದು ದೊಡ್ಡದೇನಲ್ಲ. ಹಿಡಿದ ದುಡ್ಡು, ಇರೋ ಆದಾಯ, ಆಧಾರ್, ಬ್ಯಾಂಕ್ ಖಾತೆ ಎಲ್ಲಾ ಇಲಾಖೆಯ ಕಂಪ್ಯೂಟರಲ್ಲೇ ಇದೆ. ದೇಶದ ರಿಟರ್ನ್‌ಗಳನ್ನು ನೋಡೋ ಕೇಂದ್ರ ಇರೋದು ನಮ್ಮ ಬೆಂಗಳೂರಿನಲ್ಲೇ. ಪಿಎಂ ಕಿಸಾನ್‌ನ 2,000ವನ್ನು ವರ್ಷಕ್ಕೆ ಮೂರು ಸಲ ಯಾರೂ ಅರ್ಜಿ ಹಾಕದೆ ಖಾತೆಗೆ ಹಾಕೋಕೆ ಬರುತ್ತೆ. ಹಾಗಾದರೆ ತೆರಿಗೆ ಬೀಳದವರ ಟಿಡಿಎಸ್ಸನ್ನು ಇಲಾಖೆಯೇ ಲೆಕ್ಕ ಹಾಕಿ, "ಇಷ್ಟು ನಿಮ್ಮದು, ಸರಿಯಾ?" ಅಂತ ಕನ್ನಡದಲ್ಲಿ ಒಂದು ಮೆಸೇಜು ಕಳಿಸಿ, ಒಪ್ಪಿಗೆ ತಗೊಂಡು ಹಾಕಬಹುದು. ಸಹಜ್ ಫಾರಂನ ಐದು ಸಾವಿರದ ಗೆರೆಯನ್ನು ಕನಿಷ್ಠ ಐದು ಲಕ್ಷಕ್ಕೆ ಏರಿಸಬಹುದು. 15ಜಿಯನ್ನು ವರ್ಷ ವರ್ಷ ಕೇಳೋ ಬದಲು, ಬದಲಾವಣೆ ಆಗೋ ತನಕ ಒಂದೇ ಸಲ ತಗೊಳ್ಳಬಹುದು. ಫಾರಂ ಕೊಟ್ಟ ಮೇಲೂ ಹಿಡಿದರೆ ಆ ದುಡ್ಡಿಗೆ ಬ್ಯಾಂಕೇ ಬಡ್ಡಿ ಕೊಡಲಿ. ಅಷ್ಟು ಬಂದರೆ ಡ್ರಾಯರ್‌ನಲ್ಲಿ ಒಂದು ಫಾರಂ ಕೂಡ ಉಳಿಯಲ್ಲ, ಬರೆದಿಟ್ಟುಕೊಳ್ಳಿ.

ಅದೆಲ್ಲ ಆಗೋ ತನಕ ನಾವು ಮಾಡಬೇಕಾದ್ದು ಇದು.

ಒಂದು, ಮನೆಯಲ್ಲಿ ಎಲ್ಲರ ಪ್ಯಾನು ಜೀವಂತ ಇದೆಯಾ ಅಂತ ಈಗಲೇ ನೋಡಿಸಿ. ಮುಖ್ಯವಾಗಿ ಹೆಂಗಸರದ್ದು, ವಯಸ್ಸಾದವರದ್ದು.

ಎರಡು, ಏಪ್ರಿಲ್ ಮೊದಲ ವಾರವೇ ಎಫ್‌ಡಿ ಇರೋ ಪ್ರತಿಯೊಂದು ಬ್ಯಾಂಕಿಗೂ ಫಾರಂ ಕೊಡಿ. ಇದುವರೆಗೆ ಅರವತ್ತರ ಒಳಗಿನವರಿಗೆ 15ಜಿ, ಅರವತ್ತಾದವರಿಗೆ 15ಎಚ್ ಇತ್ತು. ಏಪ್ರಿಲ್ 1ರಿಂದ ಹೊಸ ಕಾಯ್ದೆ ಜಾರಿ, ಸೆಕ್ಷನ್ ನಂಬರೆಲ್ಲ ಬದಲು. ಹಳೇ ಫಾರಂ ತುಂಬಿಕೊಂಡು ಹೋಗಬೇಡಿ, ಬ್ಯಾಂಕಿನಲ್ಲೇ ಕೇಳಿ ತಗೊಳ್ಳಿ. ತೆರಿಗೆ ಬೀಳೋ ಆದಾಯ ಇದ್ದವರು ಮಾತ್ರ ಕೊಡಬೇಡಿ, ಸುಳ್ಳು ಬರೆದುಕೊಟ್ಟರೆ ಜೈಲಿನ ಶಿಕ್ಷೆ ಇದೆ.

ಮೂರು, ಕೊಟ್ಟ ಫಾರಂನ ಇನ್ನೊಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಬೇಡ ಅಂದರೂ ಬಿಡಬೇಡಿ.

ನಾಲ್ಕು, ಈ ಮಾರ್ಚ್‌ಗೆ ಮುಗಿಯೋ ವರ್ಷದಲ್ಲಿ ಹಿಡಿದಿದ್ದರೆ ರಿಟರ್ನ್ ಹಾಕಿ. ಜುಲೈ 31 ಕೊನೇ ದಿನ. ತಪ್ಪಿದರೆ ಡಿಸೆಂಬರ್ 31ರೊಳಗೆ ಹಾಕಿದರೂ ರೀಫಂಡ್ ಸಿಗುತ್ತೆ. ಅದೂ ದಾಟಿದರೆ ತಡ ಮನ್ನಿಸಿ ಅಂತ ಬೇರೆ ಅರ್ಜಿ ಹಾಕಬೇಕು. ಹಾಕಿದ ಮೇಲೆ 30 ದಿನದೊಳಗೆ ಓಟಿಪಿ ಕೊಟ್ಟು ದೃಢೀಕರಿಸಬೇಕು. ಇದನ್ನು ಮಾಡದೆ ಹಾಗೇ ಬಿಟ್ಟರೆ ಹಾಕಿದ ರಿಟರ್ನ್ ಲೆಕ್ಕಕ್ಕಿಲ್ಲ.

ನಮ್ಮೂರ ಆ ಮೂರು ಜನ ಹೆಂಗಸರನ್ನು ಮುಂದಿನ ಸೋಮವಾರ ತಾಲ್ಲೂಕಿಗೆ ಕರ್ಕೊಂಡು ಹೋಗ್ತಾ ಇದ್ದೀನಿ, ಪ್ಯಾನು ನೋಡಿಸೋಕೆ. ಅತ್ತಿಗೆಯೂ ಬರ್ತಾರೆ, ಧೈರ್ಯ ಹೇಳೋಕೆ. ನಿಮ್ಮೂರಲ್ಲೂ ಅಂಥ ಮೂರು ಜನ ಇದ್ದೇ ಇರ್ತಾರೆ, ಕೇಳಿ ನೋಡಿ. ತೆಂಗಿನ ಬಿಳಿನೊಣದ ಬಗ್ಗೆ ಕೇಳಿದ್ದವರಿಗೆ ಮುಂದಿನ ವಾರ ಬರೀತೀನಿ.